ಕಿಟಕಿ ತುಂಬ ಸಮುದ್ರ, ಕೆಲಸಕ್ಕೆ ಮೇಜಿಲ್ಲ

ಹಾಂಕಾಂಗ್‌ಗೆ ಹೋಗಿ ಬಂದಾಗಲೆಲ್ಲ ಪೀಣ್ಯದ ಗೆಳೆಯರು ಕೇಳುವುದು ಒಂದೇ ಮಾತು. "ಎಲ್ಲಿ ಉಳ್ಕೊಂಡಿದ್ರಿ? ಸಮುದ್ರದ ಕಡೆ ರೂಮ್ ತಗೊಂಡ್ರೆ ದುಡ್ಡಿಗೆ ಸರಿಹೋಗುತ್ತಾ?" ಫೋನಿನಲ್ಲಿ ಎಲ್ಲರಿಗೂ ಅರ್ಧಂಬರ್ಧ ಹೇಳಿದ್ದೇನೆ. ಈ ಸಲ ಕೂತು ಪೂರ್ತಿ ಬರೆಯುತ್ತಿದ್ದೇನೆ. ಹೋಗುವವರಿಗೆ ಉಪಯೋಗವಾಗಲಿ.

ನಮ್ಮದು ಎಲ್‌ಇಡಿ ದೀಪಗಳ ಸಣ್ಣ ಕಾರ್ಖಾನೆ. ಪ್ರತಿವರ್ಷ ಅಕ್ಟೋಬರ್ ಕೊನೆಯಲ್ಲಿ ಹಾಂಕಾಂಗ್‌ನ ಕನ್ವೆನ್ಷನ್ ಸೆಂಟರ್‌ನಲ್ಲಿ ದೀಪಗಳ ದೊಡ್ಡ ಮೇಳ ನಡೆಯುತ್ತದೆ. ನಾನು ಐದಾರು ಸಲ ಹೋಗಿದ್ದೇನೆ. ಅಷ್ಟೂ ಸಲ ಉಳಿದದ್ದು ನೀರಿನ ಆಚೆ ದಡದಲ್ಲಿ, ಚಿಮ್ ಶಾ ಚುಯ್‌ನ ಅಗ್ಗದ ರೂಮುಗಳಲ್ಲಿ. ಸೂಟ್‌ಕೇಸ್ ಬಿಚ್ಚಬೇಕೆಂದರೆ ಅದನ್ನು ಮಂಚದ ಮೇಲೆ ಇಡಬೇಕು. ಅಷ್ಟು ಚಿಕ್ಕ ರೂಮು. ಕಳೆದ ಅಕ್ಟೋಬರ್‌ನಲ್ಲಿ ಮೊದಲ ಸಲ ಧೈರ್ಯ ಮಾಡಿ ಈಚೆ ದಡದಲ್ಲಿ, ಬಂದರಿಗೆ ಮುಖ ಮಾಡಿದ ಒಂದು ಐಷಾರಾಮಿ ಬಿಸಿನೆಸ್ ಹೋಟೆಲ್‌ನಲ್ಲಿ ನಾಲ್ಕು ರಾತ್ರಿ ಉಳಿದೆ. ಹೆಸರು ಬರೆಯುವುದಿಲ್ಲ. ನಾನು ಹೇಳುವ ಕೊರತೆಗಳು ಆ ಒಂದು ಹೋಟೆಲ್‌ನವಲ್ಲ. ಈ ಜಾತಿಯ ಹೋಟೆಲ್‌ಗಳಿಗೆಲ್ಲ ಅಂಟಿಕೊಂಡಿರುವಂಥವು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಅಲ್ಲಿ ನನಗೆ ಸಿಕ್ಕ ದೊಡ್ಡ ಲಾಭ ಸಮಯ.

ಮೇಳಕ್ಕೆ ಹೋದವರಿಗೆ ಗೊತ್ತು. ಮಧ್ಯಾಹ್ನದ ಹೊತ್ತಿಗೆ ಚೀಲದಲ್ಲಿ ಏಳೆಂಟು ಕೆಜಿ ಕ್ಯಾಟಲಾಗು, ಸ್ಯಾಂಪಲ್ಲು ಸೇರಿರುತ್ತವೆ. ಹೆಗಲು ಬಿದ್ದುಹೋಗುತ್ತದೆ. ಮುಂಚೆಲ್ಲ ಅದನ್ನು ಸಂಜೆವರೆಗೆ ಹೊತ್ತುಕೊಂಡೇ ತಿರುಗುತ್ತಿದ್ದೆ. ನಾಲ್ಕು ಗಂಟೆಯ ಮೇಲೆ ಯಾವ ಮಳಿಗೆಯಲ್ಲಿ ಯಾರು ಏನು ಹೇಳಿದರೆಂಬುದು ತಲೆಗೆ ಹತ್ತುತ್ತಿರಲಿಲ್ಲ. ಈ ಸಲ ಹೋಟೆಲ್ ನಡೆದು ಹೋಗುವ ದೂರದಲ್ಲೇ ಇತ್ತು. ಮಧ್ಯಾಹ್ನ ರೂಮಿಗೆ ಬಂದು, ಚೀಲ ಖಾಲಿ ಮಾಡಿ, ಮುಖ ತೊಳೆದು, ಹದಿನೈದು ನಿಮಿಷ ಕಾಲು ಚಾಚಿ ಮತ್ತೆ ಹೋಗುತ್ತಿದ್ದೆ. ಎರಡನೇ ದಿನ ಸಂಜೆ ಒಬ್ಬ ಡ್ರೈವರ್ ತಯಾರಕರ ಜೊತೆ ಮುಕ್ಕಾಲು ಗಂಟೆ ಕೂತು ದರ ಮಾತಾಡಿದೆ. (ಡ್ರೈವರ್ ಅಂದರೆ ದೀಪಕ್ಕೆ ವಿದ್ಯುತ್ ಹದ ಮಾಡಿಕೊಡುವ ಸಣ್ಣ ಪೆಟ್ಟಿಗೆ.) ದಣಿದಿದ್ದರೆ ಅವತ್ತು ಅವರು ಹೇಳಿದ ದರಕ್ಕೇ ಒಪ್ಪಿ ಬರುತ್ತಿದ್ದೆ. ಹೋಟೆಲ್‌ಗೆ ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ಅಲ್ಲೇ ವಾಪಸ್ ಬಂತು ಅಂತ ನನ್ನ ಲೆಕ್ಕ.

ಜಾಗವೂ ಹಾಗಿದೆ. ಕನ್ವೆನ್ಷನ್ ಸೆಂಟರ್ ಶುರುವಾದದ್ದು 1988ರಲ್ಲಿ. ನೀರಿನೊಳಕ್ಕೆ ಚಾಚಿದ ಅದರ ಹೊಸ ಭಾಗ ಮುಗಿದದ್ದು 1997ರಲ್ಲಿ. ಆ ವರ್ಷ ಬ್ರಿಟಿಷರು ಹಾಂಕಾಂಗ್ ಅನ್ನು ಚೀನಾಕ್ಕೆ ಒಪ್ಪಿಸಿದ ಸಮಾರಂಭ ನಡೆದದ್ದು ಅಲ್ಲೇ. ಅಲ್ಲಿಂದ ಈಚೆಗೆ ವಾಂಚಾಯ್ ಬಡಾವಣೆಯ ಈ ಭಾಗ ಪೂರ್ತಿ ವ್ಯಾಪಾರದ ಜಾಗ. 2022ರಲ್ಲಿ ಮೇಳದ ಬಾಗಿಲಿಗೇ ಮೆಟ್ರೋ ಸ್ಟೇಷನ್ ಬಂತು. ವಿಮಾನ ನಿಲ್ದಾಣದಿಂದ ರೈಲು 24 ನಿಮಿಷಕ್ಕೆ ಹಾಂಕಾಂಗ್ ಸ್ಟೇಷನ್ನಿಗೆ ತಂದು ಬಿಡುತ್ತದೆ. ಅಲ್ಲಿಂದ ಟ್ಯಾಕ್ಸಿ ಹತ್ತಿದರೆ ಹೋಟೆಲ್ ದೂರವೇನಿಲ್ಲ. ಬೆಂಗಳೂರಿನಲ್ಲಿ ವಿಮಾನ ನಿಲ್ದಾಣದಿಂದ ಪೀಣ್ಯಕ್ಕೆ ಬರುವ ಕಷ್ಟ ಗೊತ್ತಿರುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಅಲ್ಲಿನ ಜನ. ಮೊದಲ ದಿನವೇ ನನ್ನ ಸ್ಯಾಂಪಲ್ ಪೆಟ್ಟಿಗೆಯ ಪಟ್ಟಿ ಕಿತ್ತುಹೋಯಿತು. ಹತ್ತಿರದಲ್ಲಿ ಚೀಲ ರಿಪೇರಿ ಮಾಡುವವರು ಇದ್ದಾರಾ ಅಂತ ಕೆಳಗೆ ಕೇಳಿದೆ. ಅಲ್ಲಿದ್ದ ಹಿರಿಯರೊಬ್ಬರು ಪಟ್ಟಿಯನ್ನು ಎರಡು ಸಲ ಎಳೆದು ನೋಡಿದರು. ಆಮೇಲೆ ಡ್ರಾಯರ್‌ನಿಂದ ದಪ್ಪ ಸೂಜಿ, ಮೀನಿನ ಗಾಳದ ದಾರದಂಥ ನೈಲಾನ್ ದಾರ ತೆಗೆದರು. ನಿಂತಲ್ಲೇ ಹೊಲಿದರು. ಪ್ರತಿ ಹೊಲಿಗೆಗೂ ದಾರವನ್ನು ಹೆಬ್ಬೆರಳಿಗೆ ಸುತ್ತಿ ಬಿಗಿ ಮಾಡುತ್ತಿದ್ದರು. ಕೊನೆಗೆ ಗಂಟು ಹಾಕಿ, ಲೈಟರ್‌ನಿಂದ ತುದಿ ಕರಗಿಸಿ, ಅದೇ ಲೈಟರ್‌ನ ಬೆನ್ನಿನಿಂದ ಒತ್ತಿದರು. ಆ ಪಟ್ಟಿ ಇವತ್ತಿಗೂ ಗಟ್ಟಿಯಾಗಿದೆ. ದುಡ್ಡು ಕೊಡಲು ಹೋದರೆ ಕೈ ಮುಂದೆ ಮಾಡಿ ಬೇಡ ಅಂದರು. ಐಷಾರಾಮ ಅನ್ನುವುದಕ್ಕೆ ನಿಜವಾದ ಅರ್ಥ ಏನಾದರೂ ಇದ್ದರೆ ಇದೇ ಅಂತ ನನಗೆ ಅನಿಸಿದೆ. ಅಮೃತಶಿಲೆ ಯಾರು ಬೇಕಾದರೂ ಹಾಕಿಸಬಹುದು. ಇಂಥವರು ಸಿಗುವುದು ಕಷ್ಟ.

ಈಗ ಕೊರತೆಗೆ ಬರುತ್ತೇನೆ. ನನಗೆ ಹೆಚ್ಚು ಬೇಜಾರಾದದ್ದು ಇದರ ಬಗ್ಗೆ.

ರೂಮಿನಲ್ಲಿ ಮೇಜಿರಲಿಲ್ಲ. ಬಿಸಿನೆಸ್ ಹೋಟೆಲ್ ಅಂತ ಹೆಸರು, ಕೂತು ಕೆಲಸ ಮಾಡಲು ಮೇಜಿಲ್ಲ! ಕಿಟಕಿ ಪಕ್ಕ ಮೊಣಕಾಲೆತ್ತರದ ಒಂದು ದುಂಡು ಟೀಪಾಯಿ, ಅದರ ಮೇಲೆ ಆರ್ಕಿಡ್ ಹೂವಿನ ಕುಂಡ. ಈಗೀಗ ಹೊಸದಾಗಿ ನವೀಕರಿಸಿದ ಹೋಟೆಲ್‌ಗಳಲ್ಲಿ ಇದು ಜಾಸ್ತಿಯಾಗುತ್ತಿದೆ. ಎಲ್ಲರೂ ಸೋಫಾದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಾರೆ ಅಂತ ಅಂದುಕೊಂಡಿದ್ದಾರೆ. ನನ್ನ ಕೆಲಸ ಬೇರೆ. ರಾತ್ರಿ ಹನ್ನೆರಡು ಸ್ಯಾಂಪಲ್ ಸಾಲಾಗಿ ಇಟ್ಟು, ಒಂದೊಂದನ್ನೂ ಹೊತ್ತಿಸಿ, ಮೀಟರ್‌ನಲ್ಲಿ ಬೆಳಕು ಅಳೆದು, ಪುಸ್ತಕದಲ್ಲಿ ಬರೆದುಕೊಳ್ಳಬೇಕು. ನನ್ನ ಜೊತೆ ಬಂದಿದ್ದ ನಮ್ಮ ಎಂಜಿನಿಯರ್ ಹುಡುಗ ಬಾಗಿಲಲ್ಲೇ ನಿಂತು, "ಸರ್, ಇದನ್ನೆಲ್ಲ ಎಲ್ಲಿ ಇಡೋದು?" ಅಂದ. ಕೊನೆಗೆ ಇಸ್ತ್ರಿ ಮಾಡುವ ಹಲಗೆ ಬಿಡಿಸಿ, ಅದರ ಮೇಲೆ ಟವೆಲ್ ಹಾಸಿ ಜೋಡಿಸಿದೆವು. ಕಾಲು ತಗುಲಿದರೆ ಎಲ್ಲ ಅಲ್ಲಾಡುತ್ತಿತ್ತು. ಮಾರನೇ ದಿನ ಕೇಳಿದ ಮೇಲೆ ಒಂದು ಮಡಚುವ ಮೇಜು ತಂದುಕೊಟ್ಟರು. ಕೇಳಿದರೆ ಕೊಡುತ್ತಾರೆ, ನಿಜ. ಆದರೆ ಆ ಬಾಡಿಗೆಗೆ ಕೇಳುವ ಹಾಗೆ ಇರಬಾರದು ಅಲ್ವಾ?

ಬೆಳಕಿನ ವಿಷಯ ದೀಪ ಮಾಡುವವನ ಬಾಯಲ್ಲಿ ಕೇಳಿ. ರೂಮಿನ ದೀಪಗಳೆಲ್ಲ ಗೋಡೆಯೊಳಗೆ, ಮಂಚದ ಕೆಳಗೆ, ಪರದೆಯ ಹಿಂದೆ. ಹಳದಿ, ಮೆತ್ತನೆಯ ಬೆಳಕು. ನೋಡಲು ಚೆಂದ. ಡ್ರೈವರ್ ಮೇಲಿನ ಸಣ್ಣ ಅಕ್ಷರದ ಲೇಬಲ್ ಓದಲು ನಾನು ಬಚ್ಚಲುಮನೆಯ ಕನ್ನಡಿ ಮುಂದೆ ಹೋಗಿ ನಿಲ್ಲಬೇಕಾಯಿತು. ಇಡೀ ರೂಮಿನಲ್ಲಿ ಓದಲು ಸಾಕಾಗುವ ಬೆಳಕು ಇದ್ದದ್ದು ಅಲ್ಲಿ ಮಾತ್ರ. ಇನ್ನು ಸ್ವಿಚ್ಚುಗಳು. ಹಾಸಿಗೆ ಪಕ್ಕದ ಗಾಜಿನ ಫಲಕದಲ್ಲಿ ಬರೀ ಚಿತ್ರಗಳು. ಮಲಗುವಾಗ ಮಂಚದ ಕೆಳಗಿನ ದೀಪ ಆರಿಸುವುದು ಹೇಗೆಂದು ನಾಲ್ಕು ರಾತ್ರಿಯೂ ತಿಳಿಯಲಿಲ್ಲ. ದೀಪದ ವ್ಯಾಪಾರದಲ್ಲಿ ಇಪ್ಪತ್ತು ವರ್ಷ ಕಳೆದವನಿಗೇ ತಿಳಿಯದಿದ್ದರೆ ಆ ಫಲಕ ಸರಿ ಇಲ್ಲ ಅಂತಲೇ ಅರ್ಥ. ಒಂದು ಸಾದಾ ಸ್ವಿಚ್, ಓದಲು ಒಂದು ಒಳ್ಳೆ ಟೇಬಲ್ ಲ್ಯಾಂಪ್. ಇಷ್ಟೇ ಬೇಕಾಗಿರುವುದು.

ಊಟದ ವಿಷಯದಲ್ಲಿ ನಮ್ಮಂಥ ಸಸ್ಯಾಹಾರಿಗಳು ಹುಷಾರಾಗಿರಬೇಕು. ಬೆಳಗಿನ ತಿಂಡಿಯ ಸಾಲು ನೋಡಿದರೆ ಕಣ್ಣು ತುಂಬುತ್ತದೆ. ಹಣ್ಣು, ಬ್ರೆಡ್ಡು, ಮೊಸರು ಬೇಕಾದಷ್ಟಿದೆ. ಬಿಸಿ ಪದಾರ್ಥಕ್ಕೆ ಬಂದರೆ ಅನುಮಾನ ಶುರು. ಬರೀ ಸೊಪ್ಪು ಅಂತ ಕಂಡದ್ದಕ್ಕೆ ಸಿಂಪಿ ಸಾಸ್ (ಚಿಪ್ಪುಮೀನಿನ ಸಾಸ್) ಹಾಕಿರುತ್ತಾರೆ. ಅಲ್ಲಿನ ಗಂಜಿಯೂ ಒಮ್ಮೊಮ್ಮೆ ಮಾಂಸದ ಅಥವಾ ಒಣಮೀನಿನ ಸಾರಿನಲ್ಲಿ ಬೆಂದಿರುತ್ತದೆ. ಫಲಕದ ಮೇಲೆ ಇದನ್ನು ಬರೆದಿರಲಿಲ್ಲ. ಬಡಿಸುವ ಹೆಣ್ಣುಮಗಳೊಬ್ಬಳು ನಾನು ಸೌಟು ಹಿಡಿದು ನಿಂತದ್ದು ನೋಡಿ ಹತ್ತಿರ ಬಂದು, "ಜಾಯ್?" ಅಂದಳು. ಕ್ಯಾಂಟೋನೀಸ್‌ನಲ್ಲಿ ಬೌದ್ಧರ ಸಸ್ಯಾಹಾರಕ್ಕೆ ಇರುವ ಮಾತು ಅದು. ಹೌದು ಅಂದೆ. ಒಳಗಿನಿಂದ ನೀರಲ್ಲೇ ಬೇಯಿಸಿದ ಬಿಳಿ ಗಂಜಿ ತಂದುಕೊಟ್ಟಳು. ನಾನು ಊರಿನಿಂದ ಒಯ್ದಿದ್ದ ಮಿಡಿ ಉಪ್ಪಿನಕಾಯಿ ನೆಂಚಿಕೊಂಡು ಎರಡು ಬಟ್ಟಲು ತಿಂದೆ. ಉಳಿದ ಮೂರು ದಿನವೂ ಅದನ್ನೇ ತಿಂದು ಮೇಳಕ್ಕೆ ಹೋದೆ, ಹೊಟ್ಟೆ ತಣ್ಣಗಿತ್ತು. ಹೋಗುವವರು ಈ "ಜಾಯ್" ಅನ್ನುವ ಮಾತು ನೆನಪಿಟ್ಟುಕೊಳ್ಳಿ. ವೆಜಿಟೇರಿಯನ್ ಅನ್ನುವುದಕ್ಕಿಂತ ಬೇಗ ಕೆಲಸ ಮಾಡುತ್ತದೆ.

ಬಿಲ್ ಬಗ್ಗೆ ಎರಡೇ ಮಾತು. ವೆಬ್‌ಸೈಟಿನಲ್ಲಿ ಮೊದಲು ಕಣ್ಣಿಗೆ ಬೀಳುವ ದರವೇ ಕೊನೆಯ ದರ ಅಂದುಕೊಳ್ಳಬೇಡಿ. ಅದರ ಮೇಲೆ ಸಾಮಾನ್ಯವಾಗಿ ಶೇ. 10 ಸೇವಾ ಶುಲ್ಕ ಇರುತ್ತದೆ. 2025ರ ಜನವರಿಯಿಂದ ಶೇ. 3ರ ವಸತಿ ತೆರಿಗೆಯೂ ಮತ್ತೆ ಬಂದಿದೆ. ಮೇಳದ ವಾರ ಬಾಡಿಗೆಯೇ ಏರಿರುತ್ತದೆ, ಅದರ ಮೇಲೆ ಇದು. ಇನ್ನೊಂದು, ಟೂತ್‌ಬ್ರಷ್ ಒಯ್ಯಿರಿ. 2024ರ ಏಪ್ರಿಲ್‌ನಿಂದ ಅಲ್ಲಿನ ಹೋಟೆಲ್‌ಗಳು ಪ್ಲಾಸ್ಟಿಕ್ ಬ್ರಷ್ಷು, ರೂಮಿನಲ್ಲಿ ಪ್ಲಾಸ್ಟಿಕ್ ಬಾಟಲಿ ನೀರು ಪುಕ್ಕಟೆಯಾಗಿ ಕೊಡುವಂತಿಲ್ಲ. ಈ ಕಾನೂನು ನನಗೆ ತುಂಬ ಹಿಡಿಸಿತು.

ಇನ್ನು ಎಲ್ಲರೂ ಕೇಳುವ ಆ ಸಮುದ್ರದ ಕಿಟಕಿ.

ಸುಳ್ಳು ಹೇಳುವುದಿಲ್ಲ. ಮೊದಲ ದಿನ ಪರದೆ ಸರಿದಾಗ ಮಾತೇ ಹೊರಡಲಿಲ್ಲ. ವಿಕ್ಟೋರಿಯಾ ಬಂದರು ಪೂರ್ತಿ ಕಾಲ ಕೆಳಗೆ. ಮನೆಗೆ ವಿಡಿಯೋ ಕಾಲ್ ಮಾಡಿದೆ. "ರೀ, ಆ ಕಡೆ ತಿರುಗಿಸಿ, ಹಡಗು ತೋರಿಸಿ" ಅಂತ ಹೆಂಡತಿ ಹತ್ತು ನಿಮಿಷ ಫೋನ್ ಇಡಲಿಲ್ಲ. ರಾತ್ರಿ ಎಂಟಕ್ಕೆ ಎರಡೂ ದಡದ ಕಟ್ಟಡಗಳು ಸೇರಿ ನಡೆಸುವ ಬೆಳಕಿನ ಪ್ರದರ್ಶನ ಇದೆ. 2004ರಿಂದ ನಡೆಯುತ್ತಿದೆ. ರೂಮಿನಿಂದಲೇ ನೋಡೋಣ ಅಂತ ಕೂತೆ. ಕಿಟಕಿ ತೆರೆಯುವಂತಿಲ್ಲ. ಸದ್ದಿಲ್ಲ, ಗಾಳಿಯಿಲ್ಲ. ಗಾಜಿನ ಮೇಲೆ ಹಾಸಿಗೆಯ ನೆರಳು, ನನ್ನ ಮುಖ, ಆರದೇ ಉಳಿದ ಮಂಚದ ಕೆಳಗಿನ ದೀಪ. ಐದು ನಿಮಿಷಕ್ಕೆ ಎದ್ದೆ.

ಮಾರನೇ ದಿನ ಸಂಜೆ ಮೇಳ ಮುಗಿಸಿ ವಾಂಚಾಯ್ ದೋಣಿಕಟ್ಟೆಯಿಂದ ಬಂದರು ದಾಟಿಸುವ ಸ್ಟಾರ್ ಫೆರಿ ಹತ್ತಿದೆ. ಟಿಕೆಟ್ಟಿಗೆ ನಮ್ಮ ನೂರು ರೂಪಾಯಿಯೂ ಆಗುವುದಿಲ್ಲ. ಇದನ್ನು ಶುರು ಮಾಡಿದವರು ದೊರಾಬ್ಜಿ ನವರೋಜಿ ಮಿಠಾಯಿವಾಲ ಅನ್ನುವ ನಮ್ಮ ದೇಶದ ಪಾರ್ಸಿ. 1888ರಲ್ಲಿ ಕಂಪನಿ ಕಟ್ಟಿದರು. ದೋಣಿಗೆ ಹಿಂದು ಮುಂದು ಎಂದಿಲ್ಲ, ಎರಡೂ ಕಡೆ ಓಡುತ್ತದೆ. ಅದಕ್ಕೇ ಮರದ ಬೆಂಚಿನ ಒರಗನ್ನು ಕೈಯಿಂದ ತಳ್ಳಿದರೆ ಆಚೆಗೆ ಬೀಳುತ್ತದೆ, ಹೋಗುವ ದಿಕ್ಕಿಗೆ ಮುಖ ಮಾಡಿ ಕೂರಬಹುದು. ಕಟ್ಟೆ ಹತ್ತಿರ ಬಂದಾಗ ನೀಲಿ ಬಟ್ಟೆ ತೊಟ್ಟ ನಾವಿಕ ಉದ್ದ ಕೊಕ್ಕೆಯಿಂದ ದಪ್ಪ ಹಗ್ಗವನ್ನು ಎಳೆದು ಗೂಟಕ್ಕೆ ಹಾಕಿದ. ಹಗ್ಗ ಬಿಗಿಯುವಾಗ ಕಿರ್ರ್ ಅಂತ ಸದ್ದು, ಡೀಸೆಲ್ ವಾಸನೆ, ಉಪ್ಪುಗಾಳಿ. ಅವತ್ತು ನನಗೆ ಬಂದರು ಸಿಕ್ಕಿತು. ಬಂದರು ನೋಡಬೇಕೆಂದರೆ ಅದರ ಮೇಲೆ ಹೋಗಬೇಕು. ಮೂವತ್ತನೇ ಮಹಡಿಯ ಗಾಜಿನ ಹಿಂದೆ ಅದು ಒಂದು ಚಿತ್ರಪಟ.

ಅದೂ ಅಲ್ಲದೆ, ಆ ನೋಟ ಎಷ್ಟು ವರ್ಷ ಇರುತ್ತದೋ ಯಾರಿಗೂ ಗೊತ್ತಿಲ್ಲ. ಹಾಂಕಾಂಗ್ ಬೆಳೆದದ್ದೇ ಸಮುದ್ರ ತುಂಬಿಸಿ. 1928ರಲ್ಲಿ ತೆರೆದ ಹೆಸರಾಂತ ಪೆನಿನ್ಸುಲಾ ಹೋಟೆಲ್‌ನ ಎದುರಿಗೆ ಆಮೇಲೆ 1980ರಲ್ಲಿ ಬಾಹ್ಯಾಕಾಶ ವಸ್ತುಸಂಗ್ರಹಾಲಯ ಬಂತು. 1963ರಲ್ಲಿ ದಡದಲ್ಲೇ ಎದ್ದ ಮ್ಯಾಂಡರಿನ್ ಹೋಟೆಲ್ ಈಗ ಊರೊಳಗಿದೆ. 1997ರಲ್ಲಿ ಬಂದರನ್ನು ಉಳಿಸಲೆಂದೇ ಕಾನೂನು ಮಾಡಿದರು. ಆ ಹೊತ್ತಿಗೆ ಎಷ್ಟೋ ನೀರು ಹೋಗಿಯಾಗಿತ್ತು.

ಕೊನೆಯ ದಿನ ಒಂದು ಗಂಟೆ ಬಿಡುವಿತ್ತು. ಕ್ವೀನ್ಸ್ ರೋಡ್ ಈಸ್ಟ್‌ನಲ್ಲಿರುವ ಹುಂಗ್ ಶಿಂಗ್ ಗುಡಿಗೆ ಹೋದೆ. ಮೀನುಗಾರರ ದೇವರು. ಬಂಡೆಗೆ ಒರಗಿಸಿ ಕಟ್ಟಿದ ಪುಟ್ಟ ಗುಡಿ. ಒಂದು ಕಾಲದಲ್ಲಿ ಸಮುದ್ರ ಅದರ ಮುಂದೆಯೇ ಇತ್ತು. ಈಗ ಗುಡಿಯಿಂದ ನೀರಿಗೆ ಹೋಗಬೇಕೆಂದರೆ ಟ್ರಾಮ್ ರಸ್ತೆ ದಾಟಿ, ಆಫೀಸು ಕಟ್ಟಡಗಳ ನಡುವೆ ಹತ್ತು ಹದಿನೈದು ನಿಮಿಷ ನಡೆಯಬೇಕು. ಬೆಂಗಳೂರಿನವನಾದ ನನಗೆ ಮೆಜೆಸ್ಟಿಕ್ ನೆನಪಾಯಿತು. ಬಸ್ ನಿಲ್ದಾಣದ ಕೆಳಗೆ ಧರ್ಮಾಂಬುಧಿ ಕೆರೆ ಇದೆ, ಕಂಠೀರವ ಕ್ರೀಡಾಂಗಣದ ಕೆಳಗೆ ಸಂಪಂಗಿ ಕೆರೆ. ನಾನು ಮಲಗಿದ್ದ ಹೋಟೆಲ್ ನಿಂತ ನೆಲವೂ ಹಿಂದೆ ನೀರೇ. ಗುಡಿಯಲ್ಲಿ ಕೈ ಮುಗಿದು ನಿಂತಾಗ ಆ ನೀರು ಮನಸ್ಸಿಗೆ ಬಂತು, ಕಿಟಕಿಯಲ್ಲಿ ಕಂಡದ್ದಕ್ಕಿಂತ ಜಾಸ್ತಿ.

ಅದಕ್ಕೇ ಗೆಳೆಯರಿಗೆ ನನ್ನ ಮಾತು ಇಷ್ಟು. ಮೇಳಕ್ಕೆ ಹೋಗುವವರು ದುಡ್ಡು ಹೊಂದಿದರೆ ಬಂದರಿನ ದಡದ ಹೋಟೆಲ್‌ನಲ್ಲೇ ಉಳಿಯಿರಿ. ನಡೆದು ಹೋಗುವ ಅನುಕೂಲಕ್ಕೆ, ಆ ಜನರಿಗೆ, ರಾತ್ರಿಯ ನಿದ್ದೆಗೆ ಕೊಟ್ಟ ದುಡ್ಡು ದಂಡವಲ್ಲ. ಸಮುದ್ರದ ಕಡೆ ರೂಮ್ ಮಾತ್ರ ಬೇಡ. ಬೆಳಿಗ್ಗೆ ಹೋದವರು ರಾತ್ರಿ ಬರುತ್ತೀರಿ. ಊರಿನ ಕಡೆಯ ರೂಮ್ ಅದೇ ಹೋಟೆಲ್‌ನಲ್ಲಿ ಎಷ್ಟೋ ಕಡಿಮೆಗೆ ಸಿಗುತ್ತದೆ. ನೀರಿನ ಪಕ್ಕದಲ್ಲಿ ನಡೆಯಲು ದಾರಿ ಇದೆ, ಪಕ್ಕದ ಸೆಂಟ್ರಲ್ ಬಡಾವಣೆಯವರೆಗೂ ಹೋಗಬಹುದು, ಯಾರೂ ದುಡ್ಡು ಕೇಳುವುದಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋದರೆ ಮಾತು ಬೇರೆ, ಅವರಿಗಾಗಿ ಒಂದು ರಾತ್ರಿ ಕಿಟಕಿಗೆ ಕೊಡಿ.

ಬಂದ ಮೇಲೆ ಹೋಟೆಲ್‌ನವರಿಗೆ ಮೇಜು, ದೀಪ, ತಿಂಡಿಯ ಫಲಕ, ಮೂರನ್ನೂ ಬರೆದು ಕಳಿಸಿದೆ. ಹೊಲಿಗೆ ಹಾಕಿಕೊಟ್ಟವರ ಬಗ್ಗೆ, ಗಂಜಿ ತಂದುಕೊಟ್ಟವಳ ಬಗ್ಗೆಯೂ ಬರೆದೆ. ಉತ್ತರ ಬಂತು. ಅವರಿಬ್ಬರಿಗೂ ಪತ್ರ ಓದಿ ಹೇಳಿದ್ದಾರಂತೆ. ಮೇಜಿನ ಬಗ್ಗೆ ನೋಡುತ್ತೇವೆ ಅಂದಿದ್ದಾರೆ. ಈ ಅಕ್ಟೋಬರ್‌ಗೆ ಅಲ್ಲೇ ಬುಕ್ ಮಾಡಿದ್ದೇನೆ. ಊರಿನ ಕಡೆಯ ರೂಮು. ಮಡಚುವ ಮೇಜು ಮೊದಲೇ ಹಾಕಿಡಿ ಅಂತ ಬರೆಸಿದ್ದೇನೆ.