ಏಳನೇ ತಲೆಮಾರಿನ ಲ್ಯಾಪ್‌ಟಾಪು

ಈ ವಾರವಿಡೀ ನಮ್ಮ ಕಾರಿನಲ್ಲಿ ಹಾಡುಗಳಿಲ್ಲ, ವಿಂಡೋಸ್ 11 ಇದೆ. ಕಾರಿನ ಪ್ಲೇಯರಿಗೆ ಸಿಕ್ಕಿಸಿದ್ದ ಪೆನ್‌ಡ್ರೈವಿನಲ್ಲಿ ನನ್ನ ಹೆಂಡತಿ ಆರು ವರ್ಷ ಕೂಡಿಟ್ಟ ನಾನೂರು ಚಿಲ್ಲರೆ ಭಾವಗೀತೆಗಳಿದ್ದವು. ಇಂದು ಬೆಳಿಗ್ಗೆಯೂ ಅಭ್ಯಾಸಬಲದಿಂದ ಗುಂಡಿ ಒತ್ತಿದಳು. ಪ್ಲೇಯರು ಒಂದು ಗಳಿಗೆ ತಡಕಾಡಿ, ಹಾಡುವಂಥದ್ದೇನೂ ಸಿಗಲಿಲ್ಲವೆಂದು ತೋರಿಸಿ ಸುಮ್ಮನಾಯಿತು. ಅವಳೂ ಸುಮ್ಮನಾದಳು. ತುಮಕೂರಿನ ಮನೆಯಿಂದ ಕ್ಯಾತ್ಸಂದ್ರದವರೆಗೆ ಆ ಮೌನವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸಿದವನಿಗೇ ಗೊತ್ತು ಅದರ ತೂಕ.

ಇದಕ್ಕೆಲ್ಲ ಅವಳ ತಮ್ಮನೇ ಕಾರಣ ಎಂದು ನಾನು ಹೇಳುವಂತಿಲ್ಲ. ಕಾರಿನೊಳಗಂತೂ ಹೇಳುವಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮನೆಯ ಲ್ಯಾಪ್‌ಟಾಪು 2017ರದ್ದು. ಅಪ್ಪ ನಿವೃತ್ತರಾದ ಮೇಲೆ ಕೊಂಡದ್ದು. ಮುಚ್ಚಳದ ಒಂದು ಕೀಲು ಸಡಿಲ, ಬ್ಯಾಟರಿ ಐದು ನಿಮಿಷ ತಡೆದರೆ ಹೆಚ್ಚು. ಉಳಿದಂತೆ ಗಟ್ಟಿಮುಟ್ಟು. ಹೀಗಿರುವಾಗ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಿಂದಾಚೆಗೆ ಭದ್ರತಾ ಅಪ್‌ಡೇಟುಗಳು ಬರುವುದಿಲ್ಲ ಎಂಬ ಸೂಚನೆ ಪರದೆಯ ಮೇಲೆ ಮೂಡತೊಡಗಿತು. ಮುಚ್ಚಿದರೆ ಮಾರನೆಯ ದಿನ ಮತ್ತೆ ಬರುತ್ತಿತ್ತು, ಚೀಟಿಯ ಕಂತು ಕೇಳಲು ಬರುವವರ ಹಾಗೆ.

ಸರಿ, ಹನ್ನೊಂದಕ್ಕೇ ಹೋಗೋಣವೆಂದು ತಪಾಸಣೆಗೆ ಕೂರಿಸಿದೆ. ಹೆಣ್ಣು ನೋಡಲು ಬಂದವರೂ ಅಷ್ಟು ಪ್ರಶ್ನೆ ಕೇಳುವುದಿಲ್ಲ. ರ‍್ಯಾಮ್ ನಾಲ್ಕು ಜಿಬಿಯಾದರೂ ಇರಬೇಕಂತೆ. ನಮ್ಮದು ಎಂಟು. ಜಾಗ 64 ಜಿಬಿ ಬೇಕಂತೆ. ಅದರ ಮೂರರಷ್ಟಿದೆ. ಟಿಪಿಎಂ 2.0 ಎಂಬುದೊಂದು ಬೇಕಂತೆ. ಗುಟ್ಟಿನ ಕೀಲಿಗಳನ್ನು ಕಾಯುವ ಈ ಕಾವಲುಗಾರ ನಮ್ಮ ಯಂತ್ರದೊಳಗೂ ಎಂಟು ವರ್ಷದಿಂದ ಮಲಗಿದ್ದನಂತೆ, ನಮಗೇ ತಿಳಿದಿರಲಿಲ್ಲ. ಯಂತ್ರ ಹೊತ್ತಿಕೊಳ್ಳುವಾಗ ಕಳ್ಳ ತಂತ್ರಾಂಶ ನುಸುಳದಂತೆ ತಡೆಯುವ ಸೆಕ್ಯೂರ್ ಬೂಟ್? ಅದೂ ಇದೆ. ಇನ್ನೇನು ತಾಂಬೂಲ ಬದಲಿಸಬೇಕು ಎನ್ನುವಾಗ ಪ್ರೊಸೆಸರಿನ ತಲೆಮಾರು ಕೇಳಿತು. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದೇ ಆಗಬೇಕು. ನಮ್ಮದು ಏಳನೆಯದು. ಮೂವತ್ತಾರು ಗುಣಗಳಲ್ಲಿ ಮೂವತ್ತೈದು ಕೂಡಿ, ಗೋತ್ರದ ಹತ್ತಿರ ಸಂಬಂಧ ಮುರಿದು ಬಿತ್ತು.

ಏಳನೇ ತಲೆಮಾರಿನ ಎಲ್ಲರಿಗೂ ಬಾಗಿಲು ಮುಚ್ಚಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಐ7-7820ಎಚ್‌ಕ್ಯು ಎಂಬ ಚಿಪ್ಪಿಗೆ, ಅದೂ ಕೆಲವು ಆಯ್ದ ಯಂತ್ರಗಳೊಳಗೆ ಕೂತಿದ್ದರೆ, ವಿನಾಯಿತಿಯುಂಟು. ದೊಡ್ಡ ಮನೆತನದವರಿಗೆ ಎಲ್ಲ ಕಡೆ ಹಿಂಬಾಗಿಲು ಇದ್ದದ್ದೇ. ನಮ್ಮದು ಬಡಪಾಯಿ ಐ5.

ಈ ಸಂಕಟವನ್ನು ನಾನು ಊಟದ ಹೊತ್ತಿನಲ್ಲಿ ತೋಡಿಕೊಳ್ಳಬಾರದಿತ್ತು. ಎದುರಿಗೆ ಭಾವಮೈದುನ ಕೂತಿದ್ದ.

"ಅಯ್ಯೋ, ಐದೇ ನಿಮಿಷದ ಕೆಲಸ ಭಾವ" ಎಂದ.

ಈ ಮಾತಿನ ಚರಿತ್ರೆ ನಿಮಗೆ ತಿಳಿದಿರಬೇಕು. ನಮ್ಮ ನಡುಮನೆಯ ಫ್ಯಾನು ಐದೇ ನಿಮಿಷದ ಕೆಲಸಕ್ಕೆಂದು ಕೆಳಗಿಳಿದದ್ದು ಎರಡು ದಿನ ಸೋಫಾದ ಮೇಲೆ ಅತಿಥಿಯಂತೆ ಮಲಗಿತ್ತು. ಗೇಟಿನ ಚಿಲಕವನ್ನು ಐದು ನಿಮಿಷದಲ್ಲಿ ಸರಿಮಾಡಿದ. ಅಂದಿನಿಂದ ಅದು ಹೊರಗಿನಿಂದ ಮಾತ್ರ ತೆರೆಯುತ್ತದೆ. ತನ್ನ ಮದುವೆಯ ದಿನ ಐದೇ ನಿಮಿಷ ಎಂದು ಕ್ಷೌರಕ್ಕೆ ಹೋದವನು ಮುಹೂರ್ತಕ್ಕೆ ನಾಲ್ಕು ನಿಮಿಷ ಉಳಿದಿರುವಾಗ ಬೆವರುತ್ತ ಬಂದ, ಒಂದು ಕಡೆಯ ಕೆನ್ನೆಗೂದಲು ಇನ್ನೊಂದು ಕಡೆಗಿಂತ ಗಿಡ್ಡ. ಫೋಟೋಗಳಲ್ಲಿ ಇವತ್ತಿಗೂ ಎಡಗಡೆಯಿಂದಲೇ ಕಾಣಿಸುತ್ತಾನೆ. ಇದರ ಜೊತೆಗೆ ಇನ್ನೊಂದು ಗುಣ: ಪರದೆಯ ಮೇಲೆ ಏನು ಬರೆದಿದ್ದರೂ ಓದುವುದಿಲ್ಲ. ಅಕ್ಷರ ಮೂಡುವ ಮೊದಲೇ ‘ಮುಂದೆ’ ಎಂಬ ಗುಂಡಿಯನ್ನು ಒತ್ತಿರುತ್ತಾನೆ. ಓದಲು ಹೋದರೆ ಐದು ನಿಮಿಷ ಮೀರುತ್ತದಲ್ಲ.

ಅಕ್ಟೋಬರ್ 12, ಭಾನುವಾರ. ರೂಫಸ್ ಎಂಬ ಪುಟ್ಟ ಉಚಿತ ತಂತ್ರಾಂಶವಿದೆ. ಅದು ಪೆನ್‌ಡ್ರೈವಿನ ಮೇಲೆ ವಿಂಡೋಸನ್ನು ಕೂರಿಸಿಕೊಡುತ್ತದೆ. ಟಿಪಿಎಂ, ಸೆಕ್ಯೂರ್ ಬೂಟುಗಳ ತಕರಾರು ಬೇಡವೇ ಎಂದು ಅದೇ ಕೇಳುತ್ತದೆ. ಚೌಕದಲ್ಲಿ ಗುರುತು ಹಾಕಿದರೆ ಅನುಸ್ಥಾಪನೆಯ ಹೊತ್ತಿಗೆ ಯಾರೂ ಗೋತ್ರ ಕೇಳುವುದಿಲ್ಲ. ಎಂಟು ಜಿಬಿಯ ಪೆನ್‌ಡ್ರೈವ್ ಬೇಕೆಂದ. ನಾನು ಮೇಜಿನ ಖಾನೆ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವನೇ ಎಲ್ಲಿಂದಲೋ ಒಂದನ್ನು ತಂದು ಸಿಕ್ಕಿಸಿಯಾಗಿತ್ತು. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ರೂಫಸ್ ದಪ್ಪ ಅಕ್ಷರದಲ್ಲಿ ಎಚ್ಚರಿಸುತ್ತದೆ. ಪಾಪ, ಎಚ್ಚರಿಸಿತು. ಇವನು ‘ಆಗಲಿ’ ಒತ್ತಿದ. "ಎಲ್ಲಿ ಸಿಕ್ಕಿತೋ ಇದು?" ಎಂದೆ. "ಕಾರಿನಲ್ಲಿ" ಎಂದ.

ಅಡುಗೆಮನೆಯಲ್ಲಿ ಅವನ ಅಕ್ಕ ಅದರಲ್ಲೇ ಇದ್ದ ಒಂದು ಭಾವಗೀತೆಯನ್ನು ಗುನುಗುತ್ತಿದ್ದಳು.

ಮುಂದಿನ ಒಂದು ಗಂಟೆ ಹೋದದ್ದು ಯಾವ ಕೀಲಿ ಒತ್ತಬೇಕು ಎಂಬುದರಲ್ಲಿ. ಲ್ಯಾಪ್‌ಟಾಪು ಹೊತ್ತಿಕೊಳ್ಳುವ ಆ ಒಂದೆರಡು ಕ್ಷಣದೊಳಗೆ ಎಫ್2 ಒತ್ತಬೇಕೋ, ಎಫ್12 ಒತ್ತಬೇಕೋ, ಎಸ್ಕೇಪೋ, ಡಿಲೀಟೋ. ಒಂದೊಂದು ಕಂಪನಿಯದ್ದು ಒಂದೊಂದು. ತಪ್ಪಿದರೆ ನಮ್ಮ ನಿಲ್ದಾಣದಲ್ಲಿ ನಿಲ್ಲದ ಬಸ್ಸಿನಂತೆ ಹಳೆಯ ವಿಂಡೋಸೇ ಭರ‍್ರೆಂದು ಮುಂದೆ ಹೋಗುತ್ತದೆ. ಕಡೆಗೆ ಅವನು ಎಡಗೈಯಲ್ಲಿ ಎರಡು, ನಾನು ಬಲಗೈಯಲ್ಲಿ ಎರಡು ಹಂಚಿಕೊಂಡು ಜುಗಲಬಂದಿ ನಡೆಸಿ ಹತ್ತಿದೆವು.

ವಿಂಡೋಸ್ ಇದ್ದ ಸಿ ಡ್ರೈವ್ ಅಳಿಸಿದೆವು, ಫೈಲುಗಳಿದ್ದ ಡಿ ಡ್ರೈವನ್ನು ಮುಟ್ಟಲಿಲ್ಲ. ಅದೊಂದನ್ನು ಮಾತ್ರ ಅವನ ಕೈ ಹಿಡಿದು ನಾನೇ ಓದಿ ಒತ್ತಿಸಿದೆ. ಶೇಕಡಾ ಹತ್ತು, ನಲವತ್ತು, ಎಪ್ಪತ್ತೊಂದು. ಗೇಟಿನ ಹಾಗೆ ಒಳಗಿನಿಂದಲೂ ತೆರೆಯದೆ ಹೋದರೆ ಎಂದು ಯೋಚಿಸುತ್ತಿದ್ದೆ. ಎಪ್ಪತ್ತೊಂದರಲ್ಲಿ ಕರೆಂಟು ಹೋಯಿತು.

ಅಂದೆನಲ್ಲ, ಬ್ಯಾಟರಿ ತಡೆಯುವುದು ಐದು ನಿಮಿಷ. ಅವನ ಜೀವನದಲ್ಲಿ ಮೊದಲ ಬಾರಿಗೆ ಆ ಲೆಕ್ಕ ನಿಜವಾಗಿಯೂ ಐದು ನಿಮಿಷವಾಗಿತ್ತು, ಆಗ ಅವನ ಬಾಯಿಂದ ಮಾತೇ ಹೊರಡಲಿಲ್ಲ. ನಮ್ಮ ಮನೆಯಲ್ಲಿ ಯುಪಿಎಸ್‌ಗೆ ಸೇರಿದ ಪ್ಲಗ್ಗು ಒಂದೇ, ಅದು ದೇವರ ಮನೆಯಲ್ಲಿ. ಅವನು ಲ್ಯಾಪ್‌ಟಾಪನ್ನು ನೈವೇದ್ಯದ ತಟ್ಟೆಯಂತೆ ಎರಡು ಅಂಗೈಗಳ ಮೇಲೆ ಹೊತ್ತು ನಡೆದ. ಹಿಂದೆ ಪೆನ್‌ಡ್ರೈವ್ ಅಲುಗದಂತೆ ಹಿಡಿದುಕೊಂಡು ನಾನು, ಚಾರ್ಜರಿನ ಬಾಲ ಎತ್ತಿಕೊಂಡು ಮಗಳು, ಮೊಬೈಲಿನ ಟಾರ್ಚು ಹಿಡಿದು ಏನಾಯಿತೆಂದು ಕೇಳುತ್ತ ಹೆಂಡತಿ. ಇಂಥ ಮೆರವಣಿಗೆಯನ್ನು ಕಂಡು, ಸಂಜೆಯ ದೀಪ ಹಚ್ಚಲು ಕೂತಿದ್ದ ಅಮ್ಮ ಎದ್ದು ನಿಂತರು.

"ಆಯುಧಪೂಜೆಯಾಗಿ ಇನ್ನೂ ಹನ್ನೊಂದೇ ದಿನ ಆಯಿತಲ್ಲೋ" ಎಂದರು.

ಗಣಪತಿಗೂ ಗಂಟೆಗೂ ನಡುವೆ ಜಾಗ ಮಾಡಿ ಇಟ್ಟೆವು. ಅಮ್ಮ ಶ್ಲೋಕ ಹೇಳತೊಡಗಿದರು. ಎಪ್ಪತ್ತೆರಡು, ಎಪ್ಪತ್ತಮೂರು. ಒಂಬತ್ತು ಗಂಟೆಯವರೆಗೆ ನಾವೈವರೂ ಅಲ್ಲೇ ಸಾಲಾಗಿ ಕೂತಿದ್ದೆವು. ಈ ಮನೆಯಲ್ಲಿ ಇಷ್ಟು ಹೊತ್ತು, ಇಷ್ಟು ಶ್ರದ್ಧೆಯಿಂದ ದೇವರ ಮುಂದೆ ಎಲ್ಲರೂ ಕೂತದ್ದು ಗೃಹಪ್ರವೇಶದಂದು ಮಾತ್ರ. ನೂರಾದಾಗ ಅಮ್ಮ ಮುಚ್ಚಳದ ಮೇಲೊಂದು ದಾಸವಾಳ ಇಟ್ಟರು.

ಅಲ್ಲಿಗೆ ಮುಗಿಯಿತೇ? ಇಂಟರ್ನೆಟ್ ಕೊಟ್ಟರೆ ಮಾತ್ರ ಮುಂದೆ ಹೋಗುತ್ತೇನೆ ಎಂದಿತು ಹೊಸ ವಿಂಡೋಸ್. ವೈಫೈ ಕೊಡೋಣವೆಂದರೆ ಆ ಹಳೆಯ ವೈಫೈ ಕಾರ್ಡು ಯಾರದ್ದೆಂದೇ ಅದಕ್ಕೆ ಗುರುತಿಲ್ಲ. ಗುರುತಾಗಲು ಡ್ರೈವರ್ ಎಂಬ ಪುಟ್ಟ ತಂತ್ರಾಂಶ ಬೇಕು, ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು. ಹುಚ್ಚು ಬಿಡುವ ತನಕ ಮದುವೆಯಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ. ನನ್ನ ಮೊಬೈಲನ್ನು ಕೇಬಲ್ಲಿನಲ್ಲಿ ಕಟ್ಟಿ ಅದರ ಡೇಟಾ ಉಣಿಸಿದ ಮೇಲೆ ಒಪ್ಪಿತು. ಮೊಬೈಲಿನ ಅಂದಿನ ಡೇಟಾ ಖಾಲಿಯಾದದ್ದು ನನಗೆ ತಿಳಿದದ್ದು, ಮಾರನೆಯ ಬೆಳಗಿನ ಜಾವದವರೆಗೂ ಯಾರ ಸಂದೇಶವೂ ಬಾರದೆ ಇದ್ದಾಗ. ಮಾರನೆಯ ದಿನ ಕಚೇರಿಯವರೊಂದಿಗಿನ ವಿಡಿಯೋ ಮಾತುಕತೆಯಲ್ಲಿ ನನ್ನ ಮುಖವೆಲ್ಲ ಕೆಂಪಾಗಿತ್ತು. ಕ್ಯಾಮೆರಾದ ಡ್ರೈವರನ್ನು ಎರಡು ಸಲ ತೆಗೆದು ಹಾಕಿದ್ದಾಯಿತು. ಕಡೆಗೆ ನೋಡಿದರೆ ಕ್ಯಾಮೆರಾದ ಕಣ್ಣಿನ ಮೇಲೆ ಸರಿಯಾಗಿ ಗುರಿಯಿಟ್ಟು ಹಚ್ಚಿದ ಕುಂಕುಮ.

ಹೀಗೆ ಪಟ್ಟಿಯಲ್ಲಿಲ್ಲದ ಯಂತ್ರಕ್ಕೆ ಹಾಕಿಕೊಂಡರೆ ಅಪ್‌ಡೇಟು ಪಡೆಯುವ ಹಕ್ಕಿಲ್ಲ, ಹಾನಿಯಾದರೆ ತಯಾರಿಸಿದ ಕಂಪನಿಯ ವಾರಂಟಿ ಅನ್ವಯಿಸುವುದಿಲ್ಲ ಎಂಬ ಎಚ್ಚರಿಕೆ ಮೊದಲಿನಿಂದಲೂ ಇದೆಯಂತೆ. ವಾರಂಟಿ ಮುಗಿದು ಏಳು ವರ್ಷವಾದ ಕಾರಣ ಆ ಭಾಗ ಓದಿ ನಕ್ಕೆ. ಮಂಗಳವಾರ ಭಾವಮೈದುನ ಫೋನ್ ಮಾಡಿದ. "ಭಾವ, ಹಳೆಯದಕ್ಕೇ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟು ಸಿಗುತ್ತಿತ್ತಂತೆ. ಹೆಸರು ನೋಂದಾಯಿಸಿದ್ದರೆ ಸಾಕಿತ್ತಂತೆ. ಅದೇನು, ಐದೇ..." ಫೋನು ಕಡಿದೆ.

ನಿನ್ನೆ ಮೊನ್ನೆಯ ಸಿಟ್ಟು ಇಷ್ಟೇ ಆಗಿದ್ದರೆ ಆರುತ್ತಿತ್ತು. "ಅಪ್ಪನ ಫೈಲುಗಳೆಲ್ಲ ಇವೆಯಾ?" ಎಂದು ಅಮ್ಮ ಕೇಳಿದರು. ಡಿ ಡ್ರೈವ್ ತೆರೆದು ಒಂದನ್ನು ಒತ್ತಿದೆ. ಪರದೆಯ ತುಂಬ ಯಾವ ಭಾಷೆಗೂ ಸೇರದ ಚಿಹ್ನೆಗಳು, ತಲೆಯ ಮೇಲೆ ಚುಕ್ಕಿ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು. ಅಮ್ಮನ ಮುಖ ನೋಡಲಾಗಲಿಲ್ಲ. ಆಮೇಲೆ ಹೊಳೆಯಿತು: ಅಪ್ಪ ಕಚೇರಿಯಲ್ಲಿ ಕಲಿತ ‘ನುಡಿ’ ಎಂಬ ಹಳೆಯ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡುತ್ತಿದ್ದರು. ಆ ಫಾಂಟು ಸಿ ಡ್ರೈವಿನ ಜೊತೆಯಲ್ಲೇ ಅಳಿದಿತ್ತು. ನುಡಿಯನ್ನು ಮತ್ತೆ ತಂದು ಹಾಕಿದೆ. ಆ ಗೀಚುಗಳೆಲ್ಲ ಒಮ್ಮೆಲೇ ಕನ್ನಡವಾದವು. ವಂಶವೃಕ್ಷ. ಊರಿನ ಹಿರಿಯರನ್ನು ಕೇಳಿ ಕೇಳಿ ಅಪ್ಪ ಒಂದೊಂದೇ ಬೆರಳಿನಲ್ಲಿ ಒತ್ತಿದ್ದು. ಒಂದನೇ ತಲೆಮಾರಿನವರ ಹೆಸರಿನ ಮುಂದೆ ‘ಊರು ಬಿಟ್ಟು ಬಂದವರು’ ಎಂದಿತ್ತು. ಇಳಿದು ಇಳಿದು ಬಂದರೆ ಆರನೆಯದರಲ್ಲಿ ಅಪ್ಪ. ಏಳನೆಯದರಲ್ಲಿ ನಾನು.

ಅಲ್ಲಿಗೆ ನಿಂತಿತ್ತು. ಕೆಳಗೆ ಒಂದು ಗೆರೆ ಎಳೆದು ಖಾಲಿ ಬಿಟ್ಟಿದ್ದರು.

"ಮಗಳ ಹೆಸರು ಸೇರಿಸಿಬಿಡೋ" ಎಂದರು ಅಮ್ಮ. ಐದೇ ನಿಮಿಷ ಎಂದು ಹೇಳಿ ಕೂತೆ. ಇವತ್ತಿಗೆ ಮೂರು ದಿನ. ಎಫ್ ಕೀಲಿ ಒತ್ತಿದರೆ ಒತ್ತಕ್ಷರ ಬರುತ್ತದೆಂದು ಯಾರೋ ಹೇಳಿದರು. ಬರುತ್ತದೆ, ಆದರೆ ಪಕ್ಕದ ಅಕ್ಷರಕ್ಕೆ ಹೋಗಿ ಕೂರುತ್ತದೆ.