ಎಂಜಿಬಿಗೆ ತೆಳು ಎಣ್ಣೆ ಬೇಡ ಸರ್

'ಫುಲ್ ಸಿಂಥೆಟಿಕ್ 5ಡಬ್ಲ್ಯೂ-30 ಎಂಜಿನ್ ಆಯಿಲ್ ಎಲ್ಲ ಕಾರಿಗೂ ನಡೆಯುತ್ತದೆ' ಅಂತ ಬರೆದಿದ್ದೀರಿ. ಹಳೇ ಸ್ಪೋರ್ಟ್ಸ್ ಕಾರಿಗೆ ಆ ತೆಳು ಎಣ್ಣೆ ಹೊಂದುವುದಿಲ್ಲ. ದಾವಣಗೆರೆಯಲ್ಲಿ ನಮ್ಮ ಚಿಕ್ಕಪ್ಪನ ಹತ್ತಿರ 1967ರ ಎಂಜಿಬಿ, ಅಂದರೆ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಇದೆ. ಯಾರದೋ ಮಾತು ಕೇಳಿ ಇದನ್ನೇ ಹಾಕಿಸಿದ್ದೆವು. ನಾಲ್ಕೇ ದಿನಕ್ಕೆ ಕೆಳಗೆ ಹಾಸಿದ್ದ ರಟ್ಟಿನ ಮೇಲೆ ಜೋಳದ ರೊಟ್ಟಿಯಗಲ ಕಲೆ! ಏಪ್ರಿಲ್ ಬಿಸಿಲಲ್ಲಿ ಆಯಿಲ್ ಪ್ರೆಶರ್ ಮುಳ್ಳೂ ಇಳಿಯುತ್ತಿತ್ತು. ಸುಮ್ನೆ ದಪ್ಪನೆಯ 20ಡಬ್ಲ್ಯೂ-50ಗೆ ವಾಪಸ್ ಬಂದೆವು.

ಎಣ್ಣೆಯ ದಪ್ಪ ಒಂದೇ ನೋಡಿದರೂ ಸಾಲದು. ಈ ಎಂಜಿನ್‌ನಲ್ಲಿ ಕ್ಯಾಮ್ (ವಾಲ್ವ್ ತೆರೆಸುವ ತಿರುಗುವ ಉಬ್ಬು) ನೇರವಾಗಿ ಟ್ಯಾಪೆಟ್ (ಆ ತಳ್ಳನ್ನು ವಾಲ್ವ್ ಕಡೆ ಸಾಗಿಸುವ ಭಾಗ) ಮೇಲೆ ಉಜ್ಜುತ್ತದೆ. ಸವೆತ ತಡೆಯುವುದು ಎಣ್ಣೆಯಲ್ಲಿರುವ ಝಡ್‌ಡಿಡಿಪಿ, ಅಂದರೆ ಸತು-ರಂಜಕದ ಸೇರ್ಪಡೆ. ಈಗಿನ ತೆಳು ಪೆಟ್ರೋಲ್ ಎಂಜಿನ್ ಆಯಿಲ್‌ಗಳಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲು ರಂಜಕವನ್ನು ಶೇ 0.08ಕ್ಕೆ ಕಟ್ಟಿಹಾಕಿದ್ದಾರೆ. ನಮ್ಮ ಗಾಡಿಗೆ ಆ ಕನ್ವರ್ಟರೇ ಇಲ್ವಲ್ಲ!