ಯಜಮಾನಿ ಹೌದು, ಗಂಡನ ಆಧಾರ್ ತನ್ನಿ

ನಮ್ಮಲ್ಲಿ ಮನೆಗೆ ಹೆಂಗಸೇ ಯಜಮಾನಿ. ಇದು ಸನ್ಮಾನ ಸಭೆಯ ಭಾಷಣವಲ್ಲ, ಕಾನೂನು. 2013ರ ಆಹಾರ ಭದ್ರತಾ ಕಾಯ್ದೆಯ 13ನೇ ಕಲಮಿನ ಪ್ರಕಾರ ಪಡಿತರ ಚೀಟಿಯ ಮಟ್ಟಿಗೆ 18 ತುಂಬಿದ ಹಿರಿಯ ಹೆಣ್ಣೇ ಕುಟುಂಬದ ಮುಖ್ಯಸ್ಥೆ. ದೊಡ್ಡ ಹೆಂಗಸಿಲ್ಲದ ಮನೆಯಲ್ಲಿ ಹುಡುಗಿಗೆ ಇನ್ನೂ 18 ಆಗಿಲ್ಲವೆಂದರೆ ಗಂಡಸಿಗೆ ಆ ಪಟ್ಟ, ಅದೂ ಹಂಗಾಮಿ! ಓದಿದ್ದರೆ ಎಷ್ಟೋ ಮೀಸೆಗಳು ಬೆಚ್ಚಿಬೀಳುತ್ತಿದ್ದವು.

ಚೀಟಿಯಲ್ಲಿ ಮೊದಲ ಹೆಸರು ಯಾರದೆಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. 2023ರಲ್ಲಿ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆ ಬಂತು, ಚೀಟಿಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ತಗೊಳ್ಳಿ, ಹಣ ಅತ್ತೆಗೋ ಸೊಸೆಗೋ ಎಂದು ಟೀವಿಯಲ್ಲಿ ವಾರಗಟ್ಟಲೆ ಚರ್ಚೆ. ಅತ್ತೆಯೂ ಇಲ್ಲದ, ಗಂಡನೂ ಇಲ್ಲದ ಮನೆಯ ಒಡತಿಯ ಬಗ್ಗೆ ಚರ್ಚೆ ನಡೆದದ್ದು ಕಾಣೆ. ಅವಳು ಸೇವಾ ಕೇಂದ್ರದ ಕೌಂಟರಿಗೆ ಬಂದಳೆನ್ನಿ.

"ಗಂಡನ ಆಧಾರ್ ಕೊಡಿ ಅಕ್ಕ."

"ಬಿಟ್ಟು ಹೋಗಿ ವರ್ಷಗಳೇ ಆಯ್ತಪ್ಪ."

"ತೀರಿಕೊಂಡ್ರಾ? ಡೆತ್ ಸರ್ಟಿಫಿಕೇಟ್ ಇದ್ಯಾ?"

"ಸತ್ತಿಲ್ಲ. ಓಡಿಹೋಗಿದಾನೆ."

"ಮತ್ತೆ ಡಿವೋರ್ಸ್ ಪೇಪರ್ರು?"

"ಅದಕ್ಕಾದ್ರೂ ಸಿಗ್ಬೇಕಲ್ಲ ಅವನು!"

ಸತ್ತ ಗಂಡನಿಗೆ ಕಾಗದವುಂಟು, ಕೋರ್ಟು ಬಿಡಿಸಿದ ಗಂಡನಿಗೂ ಉಂಟು. ಓಡಿಹೋದವನಿಗೆ ಮಾತ್ರ ಯಾವ ಕಚೇರಿಯೂ ಮೊಹರು ಒತ್ತಿ ಕೊಡುವುದಿಲ್ಲ. ವಿಧವೆಯಾದರೆ 800 ರೂಪಾಯಿ ವೇತನವಾದರೂ ಇತ್ತು, ಒಂದು ಸಿಲಿಂಡರಿಗೂ ಸಾಲದಂಥದ್ದು. ಆ ಭಾಗ್ಯಕ್ಕೂ ಪುಣ್ಯಾತ್ಮ ಕಲ್ಲು ಹಾಕಿದ್ದಾನೆ.

ಇನ್ನೊಂದು ನಿಯಮವಿದೆ. ಯಜಮಾನಿಯಾಗಲಿ ಅವಳ ಗಂಡನಾಗಲಿ ಆದಾಯ ತೆರಿಗೆ ಕಟ್ಟುತ್ತಿದ್ದರೆ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಿದ್ದರೆ ಹಣವಿಲ್ಲ. ಎಂದರೆ ಓಡಿಹೋದವನು ಪರವೂರಲ್ಲಿ ಅಂಗಡಿ ಇಟ್ಟು ಉದ್ಧಾರವಾದನೋ, ಇಲ್ಲಿ ಇವಳ ಕಂತಿಗೆ ಕತ್ತರಿ. ಊರ ಪಂಚಾಯ್ತಿ ಕೂರಿಸಿ ಬುದ್ಧಿ ಹೇಳಿದರೂ ಕೂಡದ ಸಂಸಾರವನ್ನು ಕಂಪ್ಯೂಟರು ಎಷ್ಟು ಚೆನ್ನಾಗಿ ಕೂಡಿಸಿಟ್ಟಿದೆ ನೋಡಿ.

ಆಮೇಲೆ ಹೆಬ್ಬೆಟ್ಟು. ನಾಲ್ಕು ಮನೆಯ ಪಾತ್ರೆ ತಿಕ್ಕಿದ ಬೆರಳಲ್ಲಿ ಗೆರೆ ಎಲ್ಲಿಂದ ಬರಬೇಕು? ಯಂತ್ರ ಕೆಂಪು ದೀಪ ತೋರಿಸಿತು. "ತಲೆಕೂದಲಿಗೆ ಉಜ್ಜಿ ಇಡಿ ಅಕ್ಕ." ಉಜ್ಜಿದಳು, ಇಟ್ಟಳು. ಕೆಂಪು. ಸೀರೆ ಸೆರಗಿಗೆ ಒರೆಸಿ ಎಡಗೈದು ಇಟ್ಟಳು. ಅಷ್ಟರಲ್ಲಿ ಸರ್ವರ್ ಡೌನ್.

ಕೌಂಟರಿನ ಹುಡುಗ ಒಳ್ಳೆಯವನು, ಕನಿಕರದಿಂದಲೇ ಹೇಳಿದ: "ನಾಳೆ ಬನ್ನಿ. ಬರುವಾಗ ಮನೆಯಿಂದ ಯಾರಾದ್ರೂ ಗಂಡಸರನ್ನ ಕರ್ಕೊಂಡು ಬನ್ನಿ ಅಕ್ಕ, ಇದೆಲ್ಲ ನಿಮಗೆ ಅರ್ಥ ಆಗಲ್ಲ."